ಅಪ್ಪಯ್ಯ ಬೇರೆ, ಹೋಟೆಲು ಬೇರೆ

(ಮಾಲೀಕರು ತೀರಿಕೊಂಡ ಮೇಲೆ ಹೋಟೆಲನ್ನು ಉಳಿಸಿಕೊಳ್ಳುವುದರ ಬಗ್ಗೆ, ಸಣ್ಣ ಹೋಟೆಲಿನವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಅಲ್ಲಿ ಸಮಯ ಸಾಲದೆ ಬಿಟ್ಟದ್ದನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಗಿನ ತಿಂಡಿ ವ್ಯಾಪಾರವನ್ನು ಯಾರಿಗೋ ಒಪ್ಪಿಸಿ ಬಂದಿದ್ದೀರಿ. ಮನಸ್ಸು ಅರ್ಧ ಗಲ್ಲಾದ ಹತ್ತಿರವೇ ಇರುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಸುತ್ತಿ ಬಳಸದೆ ನೇರ ಹಿಟ್ಟಿನಿಂದಲೇ ಶುರುಮಾಡುತ್ತೇನೆ.

2019ರ ಜನವರಿ, ಸಂಕ್ರಾಂತಿ ಮುಗಿದ ವಾರ. ಅರಸೀಕೆರೆಯ ಚಳಿ ನಿಮಗೆ ಗೊತ್ತಿರುವುದೇ. ಅಪ್ಪಯ್ಯ, ಎಂದರೆ ನನ್ನ ತಂದೆ, ರಾತ್ರಿ ಒಂಬತ್ತೂವರೆಗೆ ಹೋಟೆಲಿನ ಶಟರ್ ಎಳೆದು ಮನೆಗೆ ಬಂದು ಊಟ ಮಾಡಿದರು. ಹನ್ನೊಂದರ ಹೊತ್ತಿಗೆ ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಅರವತ್ತೇಳು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಆ ಹೋಟೆಲಿಗೇ ಹೋಗಿತ್ತು. ಮರುದಿನ, ಅದರ ಮರುದಿನ ಮನೆಯಲ್ಲಿ ಆಗಬೇಕಾದದ್ದೆಲ್ಲ ಆಯಿತು. ಹೋಟೆಲಿನ ನೆನಪು ಯಾರಿಗೂ ಬರಲಿಲ್ಲ. ಮೂರನೇ ದಿನ ಪಕ್ಕದ ಔಷಧಿ ಅಂಗಡಿಯವರು ಫೋನ್ ಮಾಡಿದರು. “ಅಕ್ಕಾ, ಇಂಥಾ ಹೊತ್ತಲ್ಲಿ ಹೇಳಬಾರದು. ನಿಮ್ಮ ಹಿಂಬಾಗಿಲ ಕೆಳಗಿಂದ ಏನೋ ಬೆಳ್ಳಗೆ ಹರಿದು ಬರ್ತಾ ಇದೆ.”

ಬೀಗ ತೆಗೆದು ನೋಡಿದರೆ ಇಡ್ಲಿ ಹಿಟ್ಟು. ಚಳಿಗೆ ಹುಳಿ ಬರುವುದಿಲ್ಲವೆಂದು ಅಪ್ಪಯ್ಯ ಎರಡೂ ಡಬರಿಗೆ ಗೋಣಿಚೀಲ ಸುತ್ತಿಟ್ಟು ಹೋಗಿದ್ದರು. ಹಿಟ್ಟು ಉಬ್ಬಿ ಮುಚ್ಚಳ ತಳ್ಳಿ ಗೋಣಿ ನೆನೆದು ನೆಲಕ್ಕಿಳಿದು ಬಚ್ಚಲ ಕಡೆ ಹರಿದಿತ್ತು. ಮುಚ್ಚಳದ ಮೇಲೆ ಭಾರಕ್ಕೆಂದು ಅವರಿಡುತ್ತಿದ್ದ ಗುಂಡುಕಲ್ಲು ಹಿಟ್ಟಿನೊಳಗೆ ಮುಳುಗಿತ್ತು. ನಾನು ಸೆರಗು ಸಿಕ್ಕಿಸಿ ಮೊರದ ತುಂಡಿನಿಂದ ಹಿಟ್ಟು ಬಳಿಯಲು ಕೂತೆ. ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಅಪ್ಪಯ್ಯ ಹೋಗಿದ್ದಾರೆ, ಅವರು ರುಬ್ಬಿಸಿದ ಹಿಟ್ಟು ಮಾತ್ರ ತನ್ನ ಪಾಡಿಗೆ ತಾನು ಹುಳಿಬಂದು ನಾಳೆಯ ಇಡ್ಲಿಗೆ ತಯಾರಾಗಿದೆ.

ಆ ಹೊತ್ತಿಗೆ ಹೊಳೆದ ಮಾತನ್ನೇ ಇವತ್ತು ನಿಮ್ಮ ಮುಂದೆ ಹೇಳಬೇಕೆಂದು ಬಂದಿದ್ದೇನೆ. ತೀರಿಕೊಂಡದ್ದು ಅಪ್ಪಯ್ಯ, ಹೋಟೆಲಲ್ಲ. ಆದರೆ ಬ್ಯಾಂಕಿಗೆ, ತೆರಿಗೆ ಇಲಾಖೆಗೆ, ಗಿರಾಕಿಗೆ, ಕೆಲಸದವರಿಗೆ, ಮನೆಯವರಾದ ನಮಗೂ ಅವೆರಡೂ ಒಂದೇ ಆಗಿದ್ದವು. ಆ ಗಂಟನ್ನು ಅಪ್ಪಯ್ಯ ಇರುವಾಗಲೇ ಕೂತು ಬಿಡಿಸಿದ್ದರೆ ನಾಲ್ಕು ಭಾನುವಾರದ ಕೆಲಸ. ಅವರಿಲ್ಲದ ಮೇಲೆ ಬಿಡಿಸಲು ನಮಗೆ ಒಂದೂವರೆ ವರ್ಷ ಹಿಡಿಯಿತು.

ಮೊದಲು ಬಾಗಿಲು ಮುಚ್ಚಿದ್ದ ದಿನಗಳ ವಿಚಾರ. ನಾವು ಉಡುಪಿ ಜಿಲ್ಲೆಯ ಕೋಟದ ಕಡೆಯವರು. ಘಟ್ಟ ಹತ್ತಿ ಬಂದು ಹೋಟೆಲಿಟ್ಟ ಎಷ್ಟೋ ಮನೆಗಳಲ್ಲಿ ನಮ್ಮದೂ ಒಂದು. ಅಣ್ಣನಿಗೂ ಅಮ್ಮನಿಗೂ ಹತ್ತು ದಿನದ ಸೂತಕ. ಮದುವೆಯಾದ ಮಗಳು ನಾನು, ನನಗೆ ಮೂರೇ ದಿನ. ದೋಸೆಯ ಭಟ್ಟರಿಗೂ ಸಪ್ಲೈ ಹುಡುಗರಿಗೂ ಸೂತಕವೇ ಇಲ್ಲ. ಐದನೇ ದಿನಕ್ಕೆ ಕಾಫಿ ಮತ್ತು ಇಡ್ಲಿಯಷ್ಟನ್ನಾದರೂ ಶುರುಮಾಡಬಹುದಿತ್ತು. ಪುರೋಹಿತರೇ ಅಡ್ಡಿಯಿಲ್ಲ ಎಂದರು. ಚಿಕ್ಕಪ್ಪ ಒಪ್ಪಲಿಲ್ಲ. “ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಮೊದಲೇ ಗಲ್ಲಾ ತೆಗೆದರು ಅಂತ ಊರು ಆಡಿಕೊಳ್ಳುತ್ತೆ.” ಅವರ ದುಃಖವೂ ದೊಡ್ಡದೇ, ನಾನು ಎದುರಾಡಲಿಲ್ಲ. ವೈಕುಂಠ ಸಮಾರಾಧನೆ ಮುಗಿಸಿ ಹದಿನೈದನೇ ದಿನ ಬಾಗಿಲು ತೆಗೆದೆವು.

ಆ ಹದಿನೈದು ದಿನ ನಮಗೆ ಬಹಳ ದುಬಾರಿಯಾಯಿತು. ನಮ್ಮದು ಜಂಕ್ಷನ್ ಊರು. ಬೆಳಗಿನ ರೈಲಿಗೆ ಹೋಗುವವರು, ಕೊಬ್ಬರಿ ಮಂಡಿಗೆ ಬರುವವರು, ಡ್ಯೂಟಿ ಮುಗಿಸಿದ ರೈಲ್ವೆಯವರು, ಇವರೆಲ್ಲ ಕಾಲಿನ ಅಭ್ಯಾಸಕ್ಕೆ ಬರುವ ಗಿರಾಕಿಗಳು. ಎರಡು ವಾರ ಬಾಗಿಲು ಹಾಕಿದ್ದರೆ ಕಾಲು ಬೇರೆ ದಾರಿ ಹಿಡಿಯುತ್ತದೆ. ಯಾರೂ ಕೋಪಕ್ಕೆ ಬಿಟ್ಟು ಹೋದದ್ದಲ್ಲ. ಎದುರುಗಡೆಯ ಹೋಟೆಲಿನಲ್ಲಿ ಇವರ ಕಾಫಿಗೆ ಸಕ್ಕರೆ ಎಷ್ಟು ಎಂದು ಅಷ್ಟರಲ್ಲಿ ತಿಳಿದುಕೊಂಡಿದ್ದರು. ಹಾಗಾಗಿ ನನ್ನ ಮಾತು ಇಷ್ಟೇ: ಎಷ್ಟು ದಿನ ಮುಚ್ಚಬೇಕು, ಯಾವತ್ತು ತೆಗೆಯಬೇಕು ಎಂಬುದನ್ನು ಮೂರನೇ ದಿನವೇ ಮನೆಯಲ್ಲಿ ನಿರ್ಧರಿಸಿ. ಆ ತಾರೀಖನ್ನು ಒಂದು ಹಾಳೆಯಲ್ಲಿ ಬರೆದು ಶಟರಿಗೆ ಅಂಟಿಸಿ. ನಾವು ‘ಮಾಲೀಕರ ನಿಧನದ ಕಾರಣ ಹೋಟೆಲ್ ಮುಚ್ಚಿದೆ’ ಎಂದಷ್ಟೇ ಬರೆದಿದ್ದೆವು. ಓದಿದವರು ಕಾಯಂ ಮುಚ್ಚಿದ್ದಾರೆ ಎಂದುಕೊಂಡರು.

ಇನ್ನು ಕಾಗದ ಪತ್ರ. ಇದು ಬೇಸರದ ಭಾಗ, ಆದರೂ ದಯವಿಟ್ಟು ಕೇಳಿಸಿಕೊಳ್ಳಿ. ನಮ್ಮಲ್ಲಿ ಎಷ್ಟೋ ಹೋಟೆಲುಗಳು ಒಬ್ಬರ ಹೆಸರಿನಲ್ಲಿವೆ, ಪ್ರೊಪ್ರೈಟರ್‌ಶಿಪ್. ಕಾನೂನಿನ ಕಣ್ಣಿಗೆ ಪ್ರೊಪ್ರೈಟರನನ್ನು ಬಿಟ್ಟು ಹೋಟೆಲು ಎಂಬುದು ಬೇರೆ ಇಲ್ಲವೇ ಇಲ್ಲ. ಅವರ ಪ್ಯಾನ್ ಕಾರ್ಡೇ ಹೋಟೆಲಿನ ಪ್ಯಾನ್ ಕಾರ್ಡು. ಅವರು ಹೋದ ದಿನ ಜಿಎಸ್‌ಟಿ ನೋಂದಣಿ, ಬ್ಯಾಂಕಿನ ಕರೆಂಟ್ ಅಕೌಂಟ್, ಬಾಡಿಗೆ ಕರಾರು, ಗ್ಯಾಸ್ ಕನೆಕ್ಷನ್, ಪುರಸಭೆಯ ಲೈಸೆನ್ಸ್, ಎಲ್ಲವೂ ತೀರಿಕೊಂಡವರ ಹೆಸರಿನಲ್ಲಿ ನಿಂತುಬಿಡುತ್ತವೆ.

ಒಂದಕ್ಕೆ ಮಾತ್ರ ಕಾನೂನೇ ಸ್ವಲ್ಪ ಉಸಿರಾಡಲು ಬಿಟ್ಟಿದೆ, ಅದು ಆಹಾರದ ಲೈಸೆನ್ಸು. ಆಹಾರ ಸುರಕ್ಷತೆಯ ಲೈಸೆನ್ಸಿಂಗ್ ನಿಯಮಗಳಲ್ಲಿ, 2011ರ ನಿಯಮಗಳವು, ಲೈಸೆನ್ಸುದಾರರು ತೀರಿಕೊಂಡರೆ ವಾರಸುದಾರರ ಅನುಕೂಲಕ್ಕೆ ಅದು 90 ದಿನ ಜೀವಂತವಿರುತ್ತದೆ ಎಂದು ಬರೆದಿದೆ. ಅಧಿಕಾರಿ ಒಪ್ಪಿದರೆ ಇನ್ನಷ್ಟು ದಿನವೂ ಸಿಗುತ್ತದೆ. ಅಷ್ಟರೊಳಗೆ ನಿಮ್ಮ ಹೆಸರಿಗೆ ಅರ್ಜಿ ಹಾಕಿಕೊಳ್ಳಬೇಕು. ನಮಗೆ ಇದು ಗೊತ್ತಾದದ್ದು ಎಪ್ಪತ್ತನೇ ದಿನ.

ಜಿಎಸ್‌ಟಿಯಲ್ಲಿ ಹಳೆಯ ನೋಂದಣಿಯಲ್ಲೇ ಮುಂದುವರಿಯುವ ಹಾಗಿಲ್ಲ. ಹೋಟೆಲನ್ನು ಮುಂದುವರಿಸುವ ವಾರಸುದಾರರು ಹೊಸದಾಗಿ ನೋಂದಣಿ ಮಾಡಿಸಬೇಕು. ಕಾರಣ ಎಂಬ ಕಾಲಮ್ಮಿನಲ್ಲಿ ಮಾಲೀಕರ ಮರಣ ಎಂದೇ ತೋರಿಸಬೇಕು. ನಂತರ ಹಳೆಯದನ್ನು ರದ್ದು ಮಾಡಿಸಬೇಕು. 2019ರ ಮಾರ್ಚ್ 28ರಂದು ಈ ಬಗ್ಗೆ ಇಲಾಖೆಯ ಸುತ್ತೋಲೆಯೇ ಬಂತು. ಅಲ್ಲಿಯವರೆಗೆ ನಮ್ಮ ಲೆಕ್ಕಪತ್ರ ನೋಡುವವರಿಗೂ ಗೊಂದಲವಿತ್ತು. ಹಳೆಯ ತೆರಿಗೆ ಬಾಕಿಯಿದ್ದರೆ ಅದೂ ಮುಂದುವರಿಸುವವರ ತಲೆಗೇ ಬರುತ್ತದೆ ಎಂಬುದನ್ನು ನೆನಪಿಡಿ.

ಈ ಎಲ್ಲದಕ್ಕೂ ಎರಡು ಕಾಗದ ಮೊದಲು ಬೇಕು. ಮರಣ ಪ್ರಮಾಣಪತ್ರ ಒಂದು, ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ಇನ್ನೊಂದು. ಮರಣವನ್ನು 21 ದಿನದೊಳಗೆ ನೋಂದಾಯಿಸಿಬಿಡಿ, ಆಮೇಲಾದರೆ ದಂಡ, ಅಫಿಡವಿಟ್ಟು ಎಂದು ಸುತ್ತಾಟ. ಒಂದೇ ಪ್ರತಿ ತರಬೇಡಿ. ಹತ್ತು ಪ್ರತಿ ತನ್ನಿ, ಹತ್ತೂ ಖರ್ಚಾಗುತ್ತವೆ.

ಈ ಪಟ್ಟಿಯಲ್ಲಿ ಯಾರೂ ಬರೆಯದ ಒಂದು ವಸ್ತುವಿದೆ: ಅಪ್ಪಯ್ಯನ ಮೊಬೈಲು. ತೆರಿಗೆಯ ಒಟಿಪಿ, ಗ್ಯಾಸಿನ ಬುಕಿಂಗು, ಬ್ಯಾಂಕಿನ ಸಂದೇಶ, ಎಲ್ಲ ಬರುತ್ತಿದ್ದುದು ಅದೇ ನಂಬರಿಗೆ. ಏಳನೇ ದಿನ ಅಣ್ಣ, ಫೋನು ರಿಂಗಾದಾಗಲೆಲ್ಲ ಅಮ್ಮ ಅಳುತ್ತಾಳೆಂದು ಸಿಮ್ ತೆಗೆದು ಇಟ್ಟುಬಿಟ್ಟ. ರೀಚಾರ್ಜ್ ಮಾಡಿಸದೆ ಇನ್ನೊಂದಷ್ಟು ದಿನ ಬಿಟ್ಟಿದ್ದರೆ ನಂಬರೇ ಹೋಗುತ್ತಿತ್ತು. ನಂಬರನ್ನು ಮನೆಯವರ ಹೆಸರಿಗೆ ಬದಲಾಯಿಸಿಕೊಳ್ಳಿ, ಬಂದ್ ಮಾತ್ರ ಮಾಡಿಸಬೇಡಿ. ಆ ಫೋನಿನಲ್ಲಿ ಹೆಸರುಗಳಾದರೂ ಹೇಗಿದ್ದವು! ‘ಹಾಲು 2’, ‘ಕಾಯಿ ತಿಪಟೂರು’, ‘ಎಲೆ ಅಜ್ಜಿ ಮಗ’. ಗ್ರೈಂಡರ್ ರಿಪೇರಿಯವರ ನಂಬರು ‘ಕಲ್ಲು’ ಎಂದಿತ್ತು. ಅದನ್ನು ಕಂಡುಹಿಡಿಯುವಷ್ಟರಲ್ಲಿ ಎರಡು ದಿನ ಹಿಟ್ಟನ್ನು ಹೊರಗೆ ಕೊಟ್ಟು ರುಬ್ಬಿಸಿದ್ದೆವು.

ಗಲ್ಲಾದ ಮುಂದೆ ಅಂಟಿಸಿದ್ದ ಕ್ಯೂಆರ್ ಚೀಟಿಯ ಕತೆ ಹೇಳಲೇಬೇಕು. ಬಾಗಿಲು ತೆಗೆದ ಮೊದಲ ದಿನ ಜನ ಎಂದಿನಂತೆ ಅದಕ್ಕೇ ದುಡ್ಡು ಹಾಕಿದರು. ಮಧ್ಯಾಹ್ನ ಒಬ್ಬ ಹುಡುಗ ತನ್ನ ಫೋನು ನನ್ನ ಕಡೆ ತಿರುಗಿಸಿ ತೋರಿಸಿದ. ಅಪ್ಪಯ್ಯನ ಪೂರ್ತಿ ಹೆಸರು, ಹಸಿರು ಗುರುತು, ಕೆಳಗೆ ನಲವತ್ತೈದು ರೂಪಾಯಿ. ಇಡ್ಲಿ ವಡೆಯ ದುಡ್ಡು ತೀರಿಕೊಂಡವರ ಖಾತೆಗೆ ಹೋಗುತ್ತಿತ್ತು, ಆ ಖಾತೆಗೆ ನಾಮಿನಿಯೂ ಇರಲಿಲ್ಲ. ಮರಣದ ಸುದ್ದಿ ಬ್ಯಾಂಕಿಗೆ ಮುಟ್ಟಿದ ಮೇಲೆ ಖಾತೆ ನಿಂತಿತು. ಹತ್ತನೇ ತಾರೀಖಿಗೆ ಏಳು ಜನರ ಸಂಬಳ ಕೊಡಬೇಕು. ಹೋಟೆಲಿನದೇ ದುಡ್ಡು ಖಾತೆಯಲ್ಲಿದೆ, ಮುಟ್ಟುವ ಹಾಗಿಲ್ಲ. ಅಮ್ಮನ ಎರಡು ಬಳೆ ಅಡವಿಟ್ಟು ಸಂಬಳ ಕೊಟ್ಟೆವು. ನಾಮಿನಿ ಹೆಸರು ಬರೆಸುವುದಕ್ಕೆ ಬ್ಯಾಂಕಿನಲ್ಲಿ ಹತ್ತು ನಿಮಿಷ ಸಾಕು. ಇವತ್ತು ಮನೆಗೆ ಹೋಗುವ ದಾರಿಯಲ್ಲೇ ಆ ಕೆಲಸ ಮುಗಿಸಿಕೊಂಡು ಹೋಗಿ ಎಂದು ಕೈಮುಗಿದು ಕೇಳುತ್ತೇನೆ. ನಾಮಿನಿ ಎಂದರೆ ಆ ಹಣದ ಒಡೆಯರಲ್ಲ, ವಾರಸುದಾರರ ಪರವಾಗಿ ಪಡೆಯುವವರು ಅಷ್ಟೇ. ಆದರೆ ಆ ಹತ್ತನೇ ತಾರೀಖಿಗೆ ಪಡೆಯುವವರೊಬ್ಬರು ಇರಬೇಕಲ್ಲ.

ಸಾಲದ ವಿಚಾರಕ್ಕೆ ಬರುತ್ತೇನೆ. ಉದ್ರಿ ಪುಸ್ತಕದಲ್ಲಿ ಅಪ್ಪಯ್ಯ ಹೆಸರು ಬರೆಯುತ್ತಿರಲಿಲ್ಲ. ‘ಕೆಂಪು ಸ್ಕೂಟರ್ 240’, ‘ಟಿಸಿ 180’, ‘ಮಂಡಿ ಕನ್ನಡಕ 1,150’. ಅರ್ಧಕ್ಕರ್ಧ ಜನ ತಾವಾಗಿಯೇ ಬಂದು ಕೊಟ್ಟರು. ಉಳಿದದ್ದನ್ನು ಬಿಟ್ಟೆವು. ಕೊಡಬೇಕಾದ ಸಾಲದ್ದೇ ಕಷ್ಟ. ಹದಿನಾರನೇ ದಿನ ಒಬ್ಬರು ಬಂದು ಅಪ್ಪಯ್ಯ ಎಂಬತ್ತು ಸಾವಿರ ಕೈಸಾಲ ತೆಗೆದುಕೊಂಡಿದ್ದರು ಎಂದರು. ಚೀಟಿಯಿಲ್ಲ, ಸಾಕ್ಷಿಯಿಲ್ಲ. ಅಪ್ಪನ ಸಾಲ ಮಕ್ಕಳ ಋಣ ಎಂದು ನಾವು ಕೇಳಿಕೊಂಡು ಬೆಳೆದವರು. ಆದರೆ ಅಪ್ಪನ ಸಾಲಕ್ಕೆ ಮಗನೆಂಬ ಒಂದೇ ಕಾರಣಕ್ಕೆ ಮಗ ಬಾಧ್ಯನೆಂಬ ಹಳೆಯ ಕಟ್ಟನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ತೆಗೆದಿದೆ. ತೀರಿಕೊಂಡವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರು ಕೊಡಬೇಕಾದ್ದು. ನಾನು ಅವರಿಗೆ “ನಿಮ್ಮನ್ನು ಸುಳ್ಳುಗಾರರು ಅನ್ನುತ್ತಿಲ್ಲ, ಯಾವತ್ತು, ಯಾತಕ್ಕೆ ಕೊಟ್ಟಿರಿ ಅಂತ ಬರೆದುಕೊಡಿ” ಎಂದೆ. ಅವರು ಮತ್ತೆ ಬರಲಿಲ್ಲ. ಹಾಲಿನವರು ಮಾತ್ರ ಬಾಕಿಯ ಮಾತನ್ನೇ ಎತ್ತದೆ ಹದಿನೈದನೇ ದಿನ ಬೆಳಗಿನ ಜಾವ ನಾಲ್ಕೂವರೆಗೆ ಕ್ಯಾನು ತಂದು ಬಾಗಿಲಲ್ಲಿಟ್ಟಿದ್ದರು. ಅವರ ಬಾಕಿಯನ್ನು ಎಲ್ಲರಿಗಿಂತ ಮೊದಲು ತೀರಿಸಿದೆವು.

ಈಗ ಅಡುಗೆಮನೆಗೆ ಬರೋಣ. ನಮ್ಮ ದೋಸೆ ಭಟ್ಟರು ಇಪ್ಪತ್ತೆರಡು ವರ್ಷದಿಂದ ಕಾವಲಿಯ ಮುಂದೆ ನಿಂತವರು. ಅಪ್ಪಯ್ಯ ಹೋದ ಎಂಟನೇ ದಿನಕ್ಕೇ ಬೇರೊಂದು ಹೋಟೆಲಿನಿಂದ ತಿಂಗಳಿಗೆ ನಾಲ್ಕು ಸಾವಿರ ಹೆಚ್ಚಿಗೆ ಕೊಡುತ್ತೇವೆ ಬನ್ನಿ ಎಂದು ಕರೆ ಬಂದಿತ್ತು. ಅದನ್ನು ಅವರೇ ನನಗೆ ಹೇಳಿದರು. ಹೇಳಿ, ಒಂದೇ ಪ್ರಶ್ನೆ ಕೇಳಿದರು: “ತಂಗೀ, ಹೋಟೆಲು ನಡೆಸ್ತೀರೋ, ಮಾರ್ತೀರೋ? ನಡೆಸೋದಾದರೆ ನಾನಿದ್ದೇನೆ. ಮಾರೋದಾದರೆ ಮೊದಲೇ ಹೇಳಿ, ಈ ವಯಸ್ಸಿನಲ್ಲಿ ನನ್ನನ್ನು ಬೀದಿಯಲ್ಲಿ ನಿಲ್ಲಿಸಬೇಡಿ.”

ಆ ಪ್ರಶ್ನೆಗೆ ಉತ್ತರ ನಮ್ಮ ಹತ್ತಿರ ಇರಲಿಲ್ಲ. ಅಣ್ಣ ಬೆಂಗಳೂರಿನಲ್ಲಿ, ಅವನಿಗೆ ಮಾರುವ ಮನಸ್ಸು. ಅಕ್ಕ ಉಡುಪಿಯಲ್ಲಿ. ನಾನು ಅರಸೀಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಆ ರಾತ್ರಿ ಎಲ್ಲರೂ ಕೂತೆವು. ಬೇರೆ ಮಾತೆಲ್ಲ ಬದಿಗಿಟ್ಟು ಒಂದು ವರ್ಷ ನಡೆಸಿ ನೋಡುವುದು, ಆ ಒಂದು ವರ್ಷ ಯಾರೂ ಪಾಲಿನ ಮಾತು ಎತ್ತುವುದಿಲ್ಲ ಎಂದು ತೀರ್ಮಾನವಾಯಿತು. ಮರುದಿನ ಭಟ್ಟರಿಗೆ ಅದನ್ನೇ ಹೇಳಿದೆವು. ಹುಸಿ ಭರವಸೆ ಕೊಡಲಿಲ್ಲ. ಇಬ್ಬರು ಹುಡುಗರು ಆದರೂ ಬಿಟ್ಟು ಹೋದರು. ತಪ್ಪೇನಿಲ್ಲ, ಅವರಿಗೂ ಮನೆಯಿದೆ.

ಭಟ್ಟರಿಗೆ ನಾವು ಇನ್ನೊಂದು ಮಾಡಿದೆವು. ಬಹುಕಾಲ ದುಡಿದವರಿಗೆ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯ ಕಾಯ್ದೆ ಆಗ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆಗೆ ಅನ್ವಯಿಸುತ್ತಿತ್ತು. ನಮ್ಮಲ್ಲಿ ಏಳೇ ಜನ, ಕಾನೂನಿನ ಒತ್ತಾಯವಿರಲಿಲ್ಲ. ಆದರೂ ಅದರ ಲೆಕ್ಕವನ್ನೇ ಹಿಡಿದೆವು: ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ್ದು. ಹದಿನೆಂಟು ಸಾವಿರ ಸಂಬಳ, ಇಪ್ಪತ್ತೆರಡು ವರ್ಷ, ಸುಮಾರು 2 ಲಕ್ಷ 28 ಸಾವಿರ ಆಯಿತು. ಅಷ್ಟು ದುಡ್ಡು ಆಗ ಎಲ್ಲಿಂದ ಬರಬೇಕು? ಒಂದು ಹಾಳೆಯಲ್ಲಿ ಬರೆದು ಅಮ್ಮ ಸಹಿ ಹಾಕಿದರು, ಅಂಚೆ ಕಚೇರಿಯಲ್ಲಿ ಆರ್‌ಡಿ ತೆರೆದು ತಿಂಗಳು ತಿಂಗಳು ಕಟ್ಟತೊಡಗಿದೆವು. ಭಟ್ಟರು ಆ ಹಾಳೆಯನ್ನು ಓದಲಿಲ್ಲ. ನಾಲ್ಕಾಗಿ ಮಡಿಸಿ, ಕಾವಲಿಯ ಹಿಂದಿನ ಗೂಡಿನಲ್ಲಿ ದೇವರ ಪಟದ ಹಿಂದೆ ಇಟ್ಟರು.

ದೋಸೆ ಉಳಿಯಿತು. ಸಾಂಬಾರು ಹೋಯಿತು.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಾಂಬಾರು ಪುಡಿಯನ್ನು ಅಪ್ಪಯ್ಯ ಪ್ರತಿ ಭಾನುವಾರ ಮಧ್ಯಾಹ್ನ, ಹೋಟೆಲು ಖಾಲಿಯಿರುವ ಹೊತ್ತಿನಲ್ಲಿ ಒಬ್ಬರೇ ಹುರಿಯುತ್ತಿದ್ದರು. ಗುಟ್ಟು ಮಾಡಬೇಕೆಂದಲ್ಲ. ಹುಡುಗರು ಮಲಗಲಿ ಎಂದು. ಹೀಗೆ ದಯೆಯಿಂದಲೇ ಒಂದು ವಿದ್ಯೆ ಯಾರ ಕಣ್ಣಿಗೂ ಬೀಳದೆ ಹೋಯಿತು. ಇದ್ದ ಪುಡಿ ಹದಿನೆಂಟು ದಿನಕ್ಕೆ ಮುಗಿಯಿತು. ಆಮೇಲೆ ಅಮ್ಮ ಮನೆಯ ಅಳತೆಯಲ್ಲಿ ಮಾಡಿದರು. ಮನೆಯ ಸಾಂಬಾರೇ ಬೇರೆ, ಎಂಬತ್ತು ಲೀಟರಿನ ಸಾಂಬಾರೇ ಬೇರೆ. ಗಿರಾಕಿಗಳು ಏನೂ ಹೇಳುತ್ತಿರಲಿಲ್ಲ. ಇಡ್ಲಿ ತಿಂದು ಬಟ್ಟಲಲ್ಲಿ ಸಾಂಬಾರು ಬಿಟ್ಟು ಏಳುತ್ತಿದ್ದರು. ಮೊದಲೆಲ್ಲ ಎರಡನೇ ಸಲ, ಮೂರನೇ ಸಲ ಹಾಕಿಸಿಕೊಳ್ಳುತ್ತಿದ್ದವರು. ಲೆಕ್ಕದ ಟೀಚರು ನಾನು, ಬಿಟ್ಟ ಬಟ್ಟಲುಗಳನ್ನು ಎಣಿಸತೊಡಗಿದೆ.

ಕೊನೆಗೆ ದಾರಿ ಸಿಕ್ಕಿದ್ದು ದಿನಸಿ ಅಂಗಡಿಯ ಬಿಲ್ಲುಗಳಲ್ಲಿ. ಅಪ್ಪಯ್ಯ ಹದಿನೈದು ದಿನಕ್ಕೊಮ್ಮೆ ಸಾಮಾನು ತರಿಸುತ್ತಿದ್ದರು, ಅಂಗಡಿಯವರ ಹತ್ತಿರ ಎರಡು ವರ್ಷದ ನಕಲು ಪ್ರತಿಗಳಿದ್ದವು. ಕೊತ್ತಂಬರಿ ಬೀಜ ಎಷ್ಟು, ಬ್ಯಾಡಗಿ ಎಷ್ಟು, ಗುಂಟೂರು ಎಷ್ಟು, ಜೀರಿಗೆ, ಮೆಂತ್ಯ, ಇಂಗು ಎಷ್ಟು ಎಂದು ತಿಂಗಳವಾರು ಬರೆದುಕೊಂಡೆ. ದೋಸೆ ಹಿಟ್ಟಿಗೆ ಹೋಗುವ ಮೆಂತ್ಯ ಕಳೆದೆ, ಪಲ್ಯದ ಜೀರಿಗೆ ಕಳೆದೆ. ಉಳಿದದ್ದು ಪುಡಿಯ ಪ್ರಮಾಣ. ಬಣ್ಣ ಬಂತು, ಖಾರ ಬಂತು, ಘಮ ಬಂತು. ಆದರೂ ಸಾಂಬಾರಿಗೆ ಮೈ ಬರಲಿಲ್ಲ. ಇಡ್ಲಿಯ ಮೇಲೆ ಹುಯ್ದರೆ ನಿಲ್ಲದೆ ಜಾರಿ ತಟ್ಟೆಗೆ ಹೋಗುತ್ತಿತ್ತು. ಬೇಳೆ ಹೆಚ್ಚು ಹಾಕಿದೆವು, ಕಾಯಿ ಹೆಚ್ಚು ಹಾಕಿದೆವು. ಅಲ್ಲ, ಅದಲ್ಲ.

ಏಪ್ರಿಲ್‌ನ ಒಂದು ಭಾನುವಾರ ನಾನು ಹುರಿಯುತ್ತಾ ಕೂತಿದ್ದೆ. ಭಟ್ಟರು ಮಲಗದೆ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ “ಅಪ್ಪಯ್ಯ ಇಲ್ಲಿ ಕೂರೋ ಮುಂಚೆ ಆ ಡಬ್ಬಿ ಹತ್ರ ಹೋಗ್ತಿದ್ರಲ್ಲ” ಎಂದರು. ಆ ಡಬ್ಬಿ ಇಡ್ಲಿಗೆ ನೆನೆಹಾಕುವ ಉದ್ದಿನಬೇಳೆಯದು! ಕೊತ್ತಂಬರಿಯ ಜೊತೆಗೆ ಕೊಬ್ಬರಿ ಎಣ್ಣೆಯಲ್ಲಿ ಹುರಿಯಲು ಅಪ್ಪಯ್ಯ ಅದರಿಂದ ಒಂದು ಅಳತೆ ತೆಗೆಯುತ್ತಿದ್ದರು. ಇಡ್ಲಿಗೆ ಬರುವ ಮೂಟೆಯ ಬೇಳೆಯೇ ಆದ್ದರಿಂದ ಯಾವ ಬಿಲ್ಲಿನಲ್ಲೂ ಅದು ಬೇರೆಯಾಗಿ ಕಾಣುತ್ತಿರಲಿಲ್ಲ. ನನ್ನ ಕೂಡಿಸಿ ಕಳೆದ ಲೆಕ್ಕವೆಲ್ಲ ಸರಿಯಿತ್ತು, ಕಾಣದೆ ಇದ್ದದ್ದು ಆ ಬೇಳೆಯೊಂದೇ. ನಾನು ಎದ್ದು ಬೇಳೆ ತಂದು ಬಾಣಲೆಗೆ ಹಾಕಿದೆ. ಕೆಂಪಗಾಗುವ ಹೊತ್ತಿಗೆ ಎದ್ದ ವಾಸನೆಗೆ ಅಮ್ಮ ಗಲ್ಲಾದಿಂದ ಎದ್ದು ಒಳಗೆ ಬಂದರು. ಏನೂ ಮಾತಾಡಲಿಲ್ಲ. ಬಂದು ನನ್ನ ಹಿಂದೆ ನಿಂತರು.

ಅವತ್ತಿನಿಂದ ನಮ್ಮಲ್ಲಿ ಒಂದು ಪುಸ್ತಕವಿದೆ. ಇನ್ನೂರು ಪುಟದ ಸಾದಾ ನೋಟ್ ಪುಸ್ತಕ. ‘ಬೇಸಿಗೆಯಲ್ಲಿ ಹಿಟ್ಟಿಗೆ ಉಪ್ಪು ರುಬ್ಬಿದ ಕೂಡಲೇ, ಚಳಿಯಲ್ಲಿ ಬೆಳಿಗ್ಗೆ.’ ‘ಹೊಸ ಅಕ್ಕಿ ಬಂದರೆ ನೀರು ಕಡಿಮೆ.’ ‘ಕಾವಲಿಯಿಂದ ಮೊದಲ ದೋಸೆ ಏಳದಿದ್ದರೆ ಈರುಳ್ಳಿ ಉಜ್ಜು, ನೀರು ಚಿಮುಕಿಸು.’ ಭಟ್ಟರು ಹೇಳುತ್ತಾರೆ, ಸಪ್ಲೈ ಹುಡುಗ ಬರೆಯುತ್ತಾನೆ. ಗುಟ್ಟು ಹೊರಗೆ ಹೋಗುತ್ತದೆ ಎಂದು ಹೆದರುವವರಿದ್ದಾರೆ. ನನಗೆ ಆ ಹೆದರಿಕೆಯಿಲ್ಲ. ಗುಟ್ಟು ಹೊರಗೆ ಹೋದರೆ ಇನ್ನೊಂದು ಹೋಟೆಲಿನಲ್ಲಾದರೂ ಬದುಕಿರುತ್ತದೆ. ಮನುಷ್ಯನ ಜೊತೆಗೇ ಹೋದರೆ ಎಲ್ಲಿಯೂ ಉಳಿಯುವುದಿಲ್ಲ.

ಇಂಥ ಕಷ್ಟ ಸಣ್ಣವರಾದ ನಮಗೆ ಮಾತ್ರ ಬಂದದ್ದು ಎಂದುಕೊಳ್ಳಬೇಡಿ. ಎಂಟಿಆರ್, ಅಂದರೆ ಮಾವಳ್ಳಿ ಟಿಫಿನ್ ರೂಮ್, ನಿಮಗೆಲ್ಲ ಗೊತ್ತು. ನಮ್ಮ ಕೋಟದ ಪಕ್ಕದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ್ದು. ಪರಮೇಶ್ವರ ಮಯ್ಯರು 1929ರಲ್ಲೇ ತೀರಿಕೊಂಡರು. ಐದೇ ವರ್ಷದ ಹೋಟೆಲು, ಅಲ್ಲಿಗೇ ಮುಚ್ಚಬಹುದಿತ್ತು. ತಮ್ಮ ಯಜ್ಞನಾರಾಯಣ ಮಯ್ಯರು ಹಿಡಿದು ನಿಲ್ಲಿಸಿದರು. 1951ರಲ್ಲಿ ಅವರು ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳನ್ನು ನೋಡಿ ಬಂದು ಶುಚಿತ್ವದ ಕ್ರಮಗಳನ್ನು ತಂದರು. ಇವತ್ತಿಗೂ ಲಾಲ್‌ಬಾಗ್ ರಸ್ತೆಯ ಹೋಟೆಲಿಗೆ ಹೋದವರು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದು. ಯಜ್ಞನಾರಾಯಣ ಮಯ್ಯರು 1968ರಲ್ಲಿ ತೀರಿಕೊಂಡ ಮೇಲೆ ಹರಿಶ್ಚಂದ್ರ ಮಯ್ಯರ ಸರದಿ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳಿಗೆ ಕಟ್ಟಿದ ಬೆಲೆಯಲ್ಲಿ ಗುಣಮಟ್ಟ ಉಳಿಸಲಾಗದೆ ಹೋಟೆಲನ್ನು ಮುಚ್ಚಬೇಕಾಯಿತು. ಕೆಲಸದವರಿಗೆ ಕೆಲಸ ಇರಲೆಂದು ಪುಡಿ, ಸಿದ್ಧ ಮಿಶ್ರಣಗಳ ಕಡೆ ತಿರುಗಿದರು. ಆಮೇಲೆ ಹೋಟೆಲು ಮತ್ತೆ ತೆರೆಯಿತು. 1999ರಲ್ಲಿ ಅವರು ತೀರಿಕೊಂಡಾಗ ಮಗಳು ಹೇಮಮಾಲಿನಿ ಮಯ್ಯ ಬಂದು ಕೂತರು, ತಮ್ಮಂದಿರು ಜೊತೆಯಾದರು. 2007ರಲ್ಲಿ ಪ್ಯಾಕೆಟ್ ಆಹಾರದ ಕಂಪನಿ ನಾರ್ವೆಯ ಓರ್ಕ್ಲಾ ಸಂಸ್ಥೆಗೆ ಮಾರಾಟವಾಯಿತು. ಹೋಟೆಲು ಮಾತ್ರ ಮನೆಯವರ ಕೈಯಲ್ಲೇ ಉಳಿಯಿತು. ಮೂರು ಸಾವನ್ನು ದಾಟಿದ ಹೋಟೆಲು ಅದು. ಗಲ್ಲಾದಲ್ಲಿ ಕೂತ ಮೊದಲ ತಿಂಗಳು ನನಗೆ ಹೇಮಮಾಲಿನಿಯವರ ನೆನಪು ದಿನಾ ಬರುತ್ತಿತ್ತು.

ಗಾಂಧಿಬಜಾರಿನ ವಿದ್ಯಾರ್ಥಿ ಭವನದ್ದು ಬೇರೆ ದಾರಿ. 1943ರಲ್ಲಿ ಉರಾಳರು ಶುರುಮಾಡಿದ್ದು, 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಮನೆತನವೇ ಬದಲಾಯಿತು, ದೋಸೆಗೆ ಜನ ಈಗಲೂ ಬಾಗಿಲಲ್ಲಿ ಕಾಯುತ್ತಾರೆ. ಮಕ್ಕಳಿಗೆ ಮನಸ್ಸಿಲ್ಲದಿದ್ದರೆ ಹಿಂಸೆ ಮಾಡಿ ಕೂರಿಸಬೇಡಿ. ಮಾಡಬಲ್ಲವರಿಗೆ ಕೊಟ್ಟರೂ ಹೋಟೆಲು ಬದುಕುತ್ತದೆ. ಅಣ್ಣನ ಜೊತೆಗಿನ ನನ್ನ ಜಗಳ ತಣ್ಣಗಾದದ್ದು ಈ ಮಾತನ್ನು ನಾನು ಮನಸ್ಸಿನಿಂದ ಒಪ್ಪಿದ ಮೇಲೆಯೇ.

ವರ್ಷ ಮುಗಿದ ಮೇಲೆ ಪಾಲಿನ ಮಾತು ಬಂತು. ಅಪ್ಪಯ್ಯನ ಸ್ವಂತ ದುಡಿಮೆಯದು, ವಿಲ್ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮನಿಗೊಂದು, ಮಕ್ಕಳು ಮೂವರಿಗೂ ಒಂದೊಂದು, ಸಮಪಾಲು. ಕಟ್ಟಡ ಬಾಡಿಗೆಯದು, ಹಾಗಾಗಿ ಪಾಲು ಮಾಡಲು ಇದ್ದದ್ದು ಅಡ್ವಾನ್ಸು, ಪಾತ್ರೆ, ಗ್ರೈಂಡರು, ಮತ್ತೆ ಹೋಟೆಲಿನ ಹೆಸರು. ಹೆಸರನ್ನು ಹೇಗೆ ನಾಲ್ಕು ಪಾಲು ಮಾಡುವುದು? ಅಕ್ಕ ತನ್ನ ಪಾಲಿನ ದುಡ್ಡು ಪಡೆದು ಬಿಟ್ಟುಕೊಟ್ಟಳು, ಬರವಣಿಗೆ ಮಾಡಿಸಿದೆವು. ಉಳಿದವರು ಪಾಲುದಾರಿಕೆ ಮಾಡಿಕೊಂಡೆವು. ಅಮ್ಮ, ನಾನು ಇಬ್ಬರೇ ಸಾಕೆಂದು ಹೊರಟಿದ್ದೆ. ವಕೀಲರು ತಡೆದರು. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಒಬ್ಬರು ತೀರಿಕೊಂಡರೆ ಪಾಲುದಾರಿಕೆ ಮುರಿಯುತ್ತದೆ. ಮುರಿಯಬಾರದೆಂದು ಕರಾರಿನಲ್ಲಿ ಬರೆದುಕೊಳ್ಳಬಹುದು. ಆದರೆ ಇಬ್ಬರೇ ಇದ್ದರೆ ಹಾಗೆ ಬರೆದೂ ಉಪಯೋಗವಿಲ್ಲ, ಒಬ್ಬರೇ ಸೇರಿ ಪಾಲುದಾರಿಕೆ ಆಗುವುದಿಲ್ಲವಲ್ಲ. ಅದಕ್ಕೆ ಅಣ್ಣನೂ ಸೇರಿದ. ಮಾರೋಣ ಎಂದವನೇ ಈಗ ತಿಂಗಳಿಗೊಮ್ಮೆ ಬಂದು ಲೆಕ್ಕ ನೋಡುತ್ತಾನೆ.

ಎಲ್ಲ ಸರಿಹೋಗುತ್ತಿದೆ ಎನ್ನುವಾಗ 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್. ಕೂತು ತಿನ್ನಲು ಮತ್ತೆ ಬಾಗಿಲು ತೆರೆದದ್ದು ಜೂನ್ 8ರ ನಂತರ. ಆ ದಿನಗಳು ನಿಮ್ಮೆಲ್ಲರಿಗೂ ಒಂದೇ ಆಗಿದ್ದವು, ನಾನು ಹೇಳುವುದು ಬೇಡ. ಆ ಸಲ ಮಾತ್ರ ಶಟರಿನ ಮೇಲೆ ‘ತೆರೆದೇ ತೆರೆಯುತ್ತೇವೆ’ ಎಂದು ದೊಡ್ಡದಾಗಿ ಬರೆದಿದ್ದೆ.

ಹೆಂಗಸು ಗಲ್ಲಾದಲ್ಲಿ ಕೂತರೆ ಹೇಗೆ ಎಂದು ಹಲವರು ಕೇಳುತ್ತಾರೆ. ಮೊದಲ ಎರಡು ತಿಂಗಳು ಹಳೆಯ ಗಿರಾಕಿಗಳು ಚಿಲ್ಲರೆ ತೆಗೆದುಕೊಳ್ಳುವಾಗ ನನ್ನ ಮುಖ ನೋಡುತ್ತಿರಲಿಲ್ಲ, ಗೋಡೆಯ ಮೇಲಿನ ಅಪ್ಪಯ್ಯನ ಫೋಟೋ ನೋಡುತ್ತಿದ್ದರು. ಫೋಟೋ ಗಲ್ಲಾದ ನೆತ್ತಿಯ ಮೇಲೆಯೇ ಇತ್ತು. ಅದನ್ನು ತೆಗೆದು ಒಳಗೆ, ರುಬ್ಬುವ ಜಾಗದ ಎದುರಿಗೆ ಹಾಕಿಸಿದೆ. ಅಮ್ಮನಿಗೆ ಬೇಜಾರಾಯಿತು. ಆದರೆ ಜನ ನನ್ನ ಜೊತೆ ಮಾತಾಡತೊಡಗಿದರು. ಸಾಂಬಾರು ಚೆನ್ನಾಗಿಲ್ಲದ ದಿನ “ಅಕ್ಕಾ, ಇವತ್ತು ಉಪ್ಪು ಮುಂದಾಯ್ತು” ಎಂದು ಮುಖಕ್ಕೇ ಹೇಳಿದರು. ಹೇಳದೆ ಬಿಟ್ಟು ಹೋಗುವವರಿಗಿಂತ ಹೇಳುವವರು ಸಿಕ್ಕಿದ್ದು ನನಗೆ ದೊಡ್ಡ ಸಮಾಧಾನ.

ಇಷ್ಟೆಲ್ಲ ಆಗಿ ಒಂದು ದಿನ ಯೋಚನೆ ಬಂತು: ನಾನೂ ಈಗ ಅಪ್ಪಯ್ಯನ ಹಾಗೇ ಆಗುತ್ತಿದ್ದೇನಲ್ಲ! ಹಾಲಿನವರ ಲೆಕ್ಕ ನನ್ನ ತಲೆಯಲ್ಲಿ, ಗ್ಯಾಸಿನ ನಂಬರು ನನ್ನ ಫೋನಿನಲ್ಲಿ. ಅದಕ್ಕೆ ತಿಂಗಳಿಗೊಂದು ಮಂಗಳವಾರ ನಾನು ಹೋಟೆಲಿಗೆ ಹೋಗುವುದಿಲ್ಲ. ಫೋನೂ ಆಫ್. ಹುಡುಗರು ಅದಕ್ಕೆ ‘ಅಕ್ಕ ಇಲ್ಲದ ದಿನ’ ಎಂದು ಹೆಸರಿಟ್ಟಿದ್ದಾರೆ. ಅವತ್ತು ಏನೇನು ನಿಂತುಹೋಯಿತು ಎಂದು ಅವರು ಬರೆದಿಡಬೇಕು. ಮರುದಿನ ಅದಕ್ಕೊಂದು ವ್ಯವಸ್ಥೆ ಮಾಡುತ್ತೇವೆ. ಮೊದಲ ಸಲ ಪಟ್ಟಿಯಲ್ಲಿ ಒಂಬತ್ತು ಸಾಲಿದ್ದವು. ಕಾಫಿಪುಡಿ ಮುಗಿದರೂ ಯಾರಿಗೆ ಹೇಳಬೇಕೆಂದು ಗೊತ್ತಾಗಲಿಲ್ಲ, ಉಗ್ರಾಣದ ಬೀಗದ ಕೈ ನನ್ನ ಪರ್ಸಿನಲ್ಲಿತ್ತು, ಹೀಗೆ. ಈಗ ಅಡುಗೆಮನೆಯ ಗೋಡೆಗೆ ಎಲ್ಲ ನಂಬರುಗಳ ಹಾಳೆ ಅಂಟಿಸಿದ್ದೇವೆ, ‘ಕಲ್ಲು’ ಎಂಬ ಹೆಸರಿನ ಮುಂದೆ ಗ್ರೈಂಡರ್ ರಿಪೇರಿ ಎಂದೂ ಬರೆದಿದೆ.

ಕಳೆದ ತಿಂಗಳ ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು, ಸಪ್ಲೈ ಹುಡುಗನ ಅಕ್ಷರ: ‘ರೈಲ್ವೆ ತಾತ ಬಂದಿದ್ದರು. ಅಕ್ಕ ಎಲ್ಲಿ ಎಂದು ಕೇಳಿದರು. ನಾಳೆ ಬರ್ತಾರೆ ಎಂದೆ. ಸಾಂಬಾರು ಎರಡು ಸಲ ಹಾಕಿಸಿಕೊಂಡರು.’